ಗಂಟಲು ನಮ್ಮದು, ಮಾತು ಯಾರದು?

ಜಮಖಂಡಿಯಲ್ಲಿ ಒಂದು ಕವಿಗೋಷ್ಠಿ. ನಾವು ನಾಲ್ಕು ಜನ ಹುಡುಗರು ಓದಿದೆವು. ಬನಹಟ್ಟಿಯ ಗೆಳೆಯನೊಬ್ಬ ಮಗ್ಗದ ಸಪ್ಪಳದ ಮೇಲೆ ಬರೆದದ್ದನ್ನು ಓದಿದ. ಅವನ ಅಪ್ಪ ಇನ್ನೊಬ್ಬರ ಪಾವರ್‌ಲೂಮಿನಲ್ಲಿ ಕೂಲಿ. ನಾನು ಹಲಗಿಯ ಮೇಲೆ ಬರೆದದ್ದನ್ನು ಓದಿದೆ. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಕೊನೆಗೆ ಎದ್ದು ನಿಂತು, ಶಾಲು ಸರಿಮಾಡಿಕೊಂಡು, "ಹುಡುಗರಲ್ಲಿ ಸಿಟ್ಟಿದೆ, ಸಂತೋಷ. ಆದರೆ ಇವು ಘೋಷಣೆಗಳು, ಇನ್ನೂ ಕಾವ್ಯವಾಗಬೇಕು" ಎಂದರು. ಚಪ್ಪಾಳೆ ಬಿತ್ತು. ಚಪ್ಪಾಳಿ ಹೊಡದವರೊಳಗ ನಾನೂ ಒಬ್ಬ. ರೂಢಿ ಅದು, ದೊಡ್ಡವರು ಮಾತು ಮುಗಿಸಿದರ ಕೈ ತಾವ ಕೂಡತಾವು.

ಬಸ್ಸಿನಲ್ಲಿ ಊರಿಗೆ ಬರುವಾಗ ಆ ಮಾತು ಕೊರೆಯತೊಡಗಿತು. ಹೊಸ ಮಾತೇನೂ ಅಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು, ಜನ ಅದನ್ನು ಮೆರವಣಿಗೆಗಳಲ್ಲಿ ಹಾಡಿದರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಅಂದಿನಿಂದ ಇಂದಿನವರೆಗೆ 'ಇದು ಘೋಷಣೆ, ಕಾವ್ಯವಲ್ಲ' ಎಂಬ ಮಾತು ನಮ್ಮ ಬೆನ್ನು ಬಿಟ್ಟಿಲ್ಲ. ನಮ್ಮವರು ಕೊಟ್ಟ ಉತ್ತರವೂ ಎರಡೇ ಬಗೆ. ಕೆಲವರು 'ಹೌದು, ಘೋಷಣೆಯೇ, ಏನೀಗ?' ಎಂದು ಎದೆ ಸೆಟೆಸಿದರು. ಕೆಲವರು 'ಇಲ್ಲ ಸ್ವಾಮಿ, ನಮ್ಮಲ್ಲೂ ಪ್ರತಿಮೆಗಳಿವೆ' ಎಂದು ನವ್ಯರ ಮುಂದೆ ಪರೀಕ್ಷೆಗೆ ಕೂತರು. ಆ 'ಘೋಷಣೆ' ಎಂಬ ಪದವನ್ನೇ ಕೈಗೆ ತಗೊಂಡು ಹೊರಳಿಸಿ ನೋಡಿದವರು ಕಡಿಮೆ. ಹಿರಿಯರು ಬೈಗುಳವಾಗಿ ಎಸೆದ ಪದ ಎಲ್ಲಿಂದ ಬಂತು, ಯಾರ ಬಾಯಿಯಿಂದ ಬಂದರೆ ಅದಕ್ಕೆ ಯಾವ ಬೆಲೆ, ಅಷ್ಟನ್ನು ನಾನಿಲ್ಲಿ ನೋಡಬೇಕೆಂದಿದ್ದೇನೆ.

ಮೊದಲು ಯಾವುದೇ ಪತ್ರಿಕೆ ತೆರೆಯಿರಿ. ಮೇಲೆ, ಮಂತ್ರಿಗಳು ಕೆರೆ ತುಂಬಿಸುವ ಯೋಜನೆಯ 'ಘೋಷಣೆ ಮಾಡಿದರು'. ಕೆಳಗೆ, ದಲಿತ ಸಂಘಟನೆಯ ಕಾರ್ಯಕರ್ತರು ತಹಶೀಲ್ದಾರ ಕಚೇರಿ ಮುಂದೆ 'ಘೋಷಣೆ ಕೂಗಿದರು'. ಎರಡೂ ಘೋಷಣೆಯೇ. ಒಂದಕ್ಕೆ 'ಮಾಡು', ಇನ್ನೊಂದಕ್ಕೆ 'ಕೂಗು'. ಮಾಡಿದ್ದು ಕೆಲಸ, ಕೂಗಿದ್ದು ಸಪ್ಪಳ. ಇಂಗ್ಲಿಷಿನವರು ಇವಕ್ಕೆ ಬೇರೆ ಬೇರೆ ಪದ ಇಟ್ಟುಕೊಂಡಿದ್ದಾರೆ, ಡಿಕ್ಲರೇಷನ್ ಮತ್ತು ಸ್ಲೋಗನ್. (ಸ್ಲೋಗನ್ ಅನ್ನುವುದು ಸ್ಕಾಟ್ಲೆಂಡಿನ ಗೇಲಿಕ್ ನುಡಿಯಿಂದ ಬಂದದ್ದು, ದಂಡಿನ ಕೂಗು ಎಂದು ಅದರ ಅರ್ಥ.) ಕನ್ನಡದಲ್ಲಿ ನಾಮಪದ ಒಂದೇ, ಆಡಿದವನ ಜಾತಿಯನ್ನು ಕ್ರಿಯಾಪದ ಹೇಳುತ್ತದೆ.

ಸರ್ಕಾರ ಆದೇಶ 'ಹೊರಡಿಸುತ್ತದೆ', ನಾವು ಮನವಿ 'ಸಲ್ಲಿಸುತ್ತೇವೆ'. ಶಾಸಕರು 'ತಿಳಿಸಿದರು', ಸ್ವಾಮಿಗಳು 'ನುಡಿದರು', ಉದ್ದಿಮೆದಾರರು 'ಅಭಿಪ್ರಾಯಪಟ್ಟರು'. ದಲಿತ ಕೇರಿಯ ಹೆಣ್ಣುಮಗಳು ನೀರಿಲ್ಲ ಎಂದು ಅಧಿಕಾರಿಗೆ ಖಡಾಖಂಡಿತ ಹೇಳಿದರೂ ಮರುದಿನ ಪತ್ರಿಕೆಯಲ್ಲಿ ಅವಳು 'ಅಳಲು ತೋಡಿಕೊಂಡಳು'. ಅವಳು ಅತ್ತೇ ಇರುವುದಿಲ್ಲ! ಊರ ಮಾತಿಗೆ ಬಂದರೆ ಇನ್ನೂ ಕೆಳಗೆ: ನಾವು ಒದರತೀವಿ, ಚೀರತೀವಿ, ಬಾಯಿ ಬಡಕೋತೀವಿ. ಗೌಡರು ಮಾತ್ರ ಮಾತಾಡತಾರ.

ಈಗ 'ಸಾರು' ಎಂಬ ಪದಕ್ಕೆ ಬರೋಣ. ಘೋಷಣೆ ಸಂಸ್ಕೃತದ್ದು, ಸಾರು ಅಚ್ಚ ಕನ್ನಡದ್ದು. ತಮಿಳಿನ ಸಾಟ್ರು, ತೆಲುಗಿನ ಚಾಟು ಇದರ ಒಡಹುಟ್ಟುಗಳು. ಹಳಗನ್ನಡದಲ್ಲಿ ಇದನ್ನು ಶಕಟರೇಫ ಹಾಕಿ 'ಸಾಱು' ಎಂದು ಬರೆಯುತ್ತಿದ್ದರು. ಹತ್ತಿರ ಹೋಗು ಎಂಬ ಅರ್ಥದ ಸಾರು ಬೇರೆಯೇ ಪದ. ಆ ಱ ಸತ್ತುಹೋದ ಮೇಲೆ ಬರವಣಿಗೆಯಲ್ಲಿ ಎರಡೂ ಒಂದಾದವು. ಊರಾಗ ಮಾತ್ರ ಒಂದಾಗಲಿಲ್ಲ. ಸಾರುವವನು ಯಾರ ಮನಿ ಕಟ್ಟಿಗೂ ಸಾರುವಂಗಿರಲಿಲ್ಲ.

ನಮ್ಮ ಮುತ್ಯಾ ಊರ ಡಂಗುರ ಸಾರುತ್ತಿದ್ದ. ಕೆಲವು ಊರುಗಳಲ್ಲಿ ಹಲಗಿ ಬಾರಿಸುವವನೊಬ್ಬ, ಸಾರುವವನೊಬ್ಬ ಇರುತ್ತಾರೆ. ನಮ್ಮಲ್ಲಿ ಎರಡೂ ಅವನದೇ. ಹೊರಡುವ ಮೊದಲು ಒಲೆಯ ಉರಿಗೆ ಹಲಗಿ ಕಾಸಿ, ಚರ್ಮ ಬಿಗಿ ಬಂತೇ ಎಂದು ಬೆರಳಿನಿಂದ ಬಡಿದು ನೋಡುತ್ತಿದ್ದ. ಅಗಸಿಯಲ್ಲಿ ಒಮ್ಮೆ, ಚಾವಡಿ ಮುಂದೆ ಒಮ್ಮೆ, ಓಣಿಗೊಮ್ಮೆ. ಮೇಲಿನ ಓಣಿ ಬಂದರೆ ಚಪ್ಪಲಿ ಕೈಯಲ್ಲಿ. "ಕೇಳ್ರಪ್ಪೋ ಕೇಳ್ರಿ, ಊರಾಗಿನ ದೈವ ಎಲ್ಲಾ ಕೇಳ್ರಿ, ಗೌಡ್ರ ಅಪ್ಪಣಿ ಆಗೇತಿ..." ಅಂತ ಸುರು. ನಮ್ಮ ಕಡೆ 'ದೈವ' ಅಂದರೆ ದೇವರಲ್ಲ, ಕೂಡಿದ ಊರ ಹಿರಿಯರು. ಕೇರಿಯವರು ಆ ದೈವದೊಳಗೆ ಬರುತ್ತಿರಲಿಲ್ಲ. ಕೂಲಿ ಅಂತ ರೊಕ್ಕ ಇಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಆಯದ ಜ್ವಾಳ.

ಅವನು ಹರೆಯದಲ್ಲಿದ್ದಾಗಿನ ಮಾತು ಇದು. ಕೇರಿಯವರು ಸತ್ತ ದನ ಎಳೆಯುವುದಿಲ್ಲ ಎಂದರು. ದೈವ ಕೂಡಿತು. ಕೇರಿಗೆ ಯಾರೂ ಕೂಲಿ ಕೊಡಬಾರದು, ಕಿರಾಣಿ ಕೊಡಬಾರದು, ಗಿರಣಿಯಲ್ಲಿ ಹಿಟ್ಟು ಹಾಕಿಕೊಡಬಾರದು ಎಂದು ತೀರ್ಮಾನ ಆಯಿತು. ಅದನ್ನು ಊರಿಗೆಲ್ಲ ಸಾರಿದವನು ನಮ್ಮ ಮುತ್ಯಾ. ತನ್ನ ಕೇರಿಗೆ, ತನ್ನ ಹೆಂಡತಿ ಮಕ್ಕಳಿಗೆ ಹಾಕಿದ ಬಹಿಷ್ಕಾರವನ್ನು ತಾನೇ ಹಲಗಿ ಬಾರಿಸಿ ಸಾರಿ, ಮನೆಗೆ ಬಂದು ಹಲಗಿಯನ್ನು ಗೂಟಕ್ಕೆ ಹಾಕಿದ. ಕಾಲೇಜಿಗೆ ಹೋಗುವ ಹೊತ್ತಿಗೆ ನನಗೆ ಈ ಸಂಗತಿ ಗೊತ್ತಾಯಿತು. "ಮುತ್ಯಾ, ನಿಂಗ ಏನೂ ಅನಸಲಿಲ್ಲೇನು?" ಎಂದು ಕೇಳಿದೆ.

"ಅನಸಾಕ ಅದು ನನ್ನ ಮಾತೇನೋ ತಮ್ಮಾ? ಬಾಯಿ ನಂದು, ಮಾತು ಅವರದು. ಹಲಗಿಗೆ ಬ್ಯಾನಿ ಆಕ್ಕೈತೇನು?"

ಈ ಮಾತನ್ನು ಗೋಷ್ಠಿಯ ಹಿರಿಯರಿಗೆ ಕೇಳಿಸಬೇಕಿತ್ತು. ನಮ್ಮ ಜನ ಸಾವಿರ ವರ್ಷ ಸಾರಿದ್ದಾರೆ, ಒಂದು ಸಾರಿಯೂ ಘೋಷಿಸಿಲ್ಲ. ದಾಸರು ಹರಿಯ ಹೆಸರಿನಲ್ಲಿ ಡಂಗುರ ಸಾರಿರೆಂದು ಹಾಡಿದರು. ಡಂಗುರವನ್ನು ತಗೊಂಡರು, ಅದನ್ನು ಬಾರಿಸುವ ಕೈಯನ್ನು ಗುಡಿಯ ಹೊರಗೆ ಬಿಟ್ಟರು.

ಕಾನೂನಿನಲ್ಲೂ ಹೀಗೆಯೇ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 54ನೇ ನಿಯಮ ನೋಡಿ. ಹೊಲ ಮನೆ ಜಪ್ತಿಯಾದರೆ ಆ ಆದೇಶವನ್ನು ಆ ಜಾಗದಲ್ಲಿ ಇಲ್ಲವೇ ಅದರ ಬದಿಯಲ್ಲಿ ಡೋಲು ಬಡಿದು ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಸಾರಬೇಕು ಎನ್ನುತ್ತದೆ. ಬಡಿಯುವ ಕೈ ಯಾರದು ಎಂದು ಅದರಲ್ಲಿಲ್ಲ. 'ರೂಢಿ' ಎಂಬ ಒಂದು ಪದದೊಳಗೆ ಇಡೀ ಕೇರಿಯನ್ನು ಕೂಡಿಸಿಟ್ಟಿದ್ದಾರೆ. ತಮಿಳುನಾಡಿನ ಮುಖ್ಯ ಕಾರ್ಯದರ್ಶಿ 2022ರ ಆಗಸ್ಟಿನಲ್ಲಿ ಈ ತಂಡೋರ ಪದ್ಧತಿ ನಿಲ್ಲಬೇಕು, ಗಾಡಿಗೆ ಧ್ವನಿವರ್ಧಕ ಕಟ್ಟಿ ಹೇಳಿರಿ ಎಂದು ಜಿಲ್ಲಾಧಿಕಾರಿಗಳಿಗೆ ಬರೆದರು. ಅಷ್ಟು ತಡವಾಗಿ!

ಇನ್ನು ವಾಲೀಕಾರ. ಓಲೆ ಒಯ್ಯುವವನು ಓಲೆಕಾರ. ನಮ್ಮ ನಾಲಿಗೆಯಲ್ಲಿ ವಾಲೀಕಾರ. ತಲೆತಲಾಂತರ ಸರ್ಕಾರದ ಕಾಗದ ಹೊತ್ತು ತಿರುಗಿದವನಿಗೆ ಅದರಲ್ಲಿ ಏನು ಬರೆದಿದೆ ಎಂದು ಓದಲು ಬರುತ್ತಿರಲಿಲ್ಲ. ಓದಲು ಬಂದಿದ್ದರೆ ಒಯ್ಯಲು ಕೊಡುತ್ತಿರಲಿಲ್ಲ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿಯಿಂದ ಜಾರಿಗೆ ಬಂದು ಆ ಹುದ್ದೆ ಹೋಯಿತು, ಹೆಸರು ಅಡ್ಡಹೆಸರಾಗಿ ಉಳಿಯಿತು. ಬೀಳಗಿ ತಾಲ್ಲೂಕಿನ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿಗೆ ಹೋದಾಗ ನಡೆದದ್ದೂ ಓಲೆಯ ಕಥೆಯೇ. ಆಗ ಇದ್ದ 1894ರ ಭೂಸ್ವಾಧೀನ ಕಾಯ್ದೆಯ 4ನೇ ಕಲಮಿನಂತೆ ಅಧಿಸೂಚನೆ ಗೆಜೆಟ್ಟಿನಲ್ಲಿ ಬರಬೇಕಿತ್ತು, ಅದರ ಸಾರಾಂಶವನ್ನು ಆ ಸ್ಥಳದಲ್ಲಿ ಪ್ರಕಟಿಸಬೇಕಿತ್ತು. ಪ್ರಕಟ ಅಂದರೆ ಕಣ್ಣಿಗೆ ಕಾಣುವಂತೆ ಆದದ್ದು. ಚಾವಡಿಯ ಗೋಡೆಗೆ ಅಂಟಿಸಿದ ಕಾಗದ ಅಕ್ಷರ ಬಾರದವನ ಕಣ್ಣಿಗೆ ಕಾಣುತ್ತದೆ, ತಿಳಿಯುವುದಿಲ್ಲ. ಆ ಕಾಗದದಲ್ಲಿ ಇದ್ದದ್ದು ಸರ್ವೇ ನಂಬರು, ಎಕರೆ, ಗುಂಟೆ. ಆ ಎಕರೆಗಳಲ್ಲಿ ಕೂಲಿ ಮಾಡಿ ಬದುಕಿದ ಭೂಮಿ ಇಲ್ಲದವನಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಹಾಗಾದರೆ ಈ ಸೀಮೆಯಲ್ಲಿ ಕೆಳಗಿನ ಜನ ತಮ್ಮ ಮಾತನ್ನು ತಾವೇ ಊರಿಗೆ ಹೇಳಿದ್ದೇ ಇಲ್ಲವೇ? ಇದೆ. ಮುಧೋಳ ತಾಲ್ಲೂಕಿನ ಹಲಗಲಿಗೆ ಹೋಗಿರಿ. 1857ರಲ್ಲಿ ಕಂಪನಿ ಸರ್ಕಾರ ಜನರ ಹತಾರಗಳನ್ನು ಒಪ್ಪಿಸಬೇಕೆಂದು ಹುಕುಂ ಮಾಡಿತು. ಮುಧೋಳ ಸಂಸ್ಥಾನ ತಲೆಬಾಗಿತು, ಹಲಗಲಿಯ ಬೇಡರು ಬಾಗಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರು ಸುಟ್ಟಿತು. ಡಿಸೆಂಬರ್ 11ಕ್ಕೆ ಮುಧೋಳದಲ್ಲಿ 13 ಜನರನ್ನು, 14ಕ್ಕೆ ಹಲಗಲಿಯಲ್ಲಿ 6 ಜನರನ್ನು ಗಲ್ಲಿಗೇರಿಸಿದರು. ಜನ ನೋಡಲೆಂದೇ ಮಾಡಿದ್ದು ಅದು. ಅದೂ ಒಂದು ಸರ್ಕಾರಿ ಪ್ರಕಟಣೆ.

ಅದಕ್ಕೆ ಉತ್ತರವಾಗಿ ಹುಟ್ಟಿದ್ದು ಒಂದು ಲಾವಣಿ. ಇಂಗ್ಲಿಷ್ ಅಧಿಕಾರಿ ಫ್ಲೀಟ್ ಅದನ್ನು ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚು ಹಾಕಿಸಿದ. ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿ ನಾವು ಓದಿದ್ದೂ ಅದನ್ನೇ. ಮಾಸ್ತರರು ಶೌರ್ಯ, ದೇಶಪ್ರೇಮ ಎಂದು ಬರೆಸಿದರು. ಮತ್ತೆ ತೆಗೆದು ಓದಿ. ಅದು ಸುರುವಾಗುವುದೇ ಮೇಲಿಂದ ಬಂದ ಹುಕುಮಿನಿಂದ. ಆದರೆ ಕೊನೆಕೊನೆಗೆ ಅದು ಕೊಡುವುದು ಲೂಟಿಯಾದ ಸಾಮಾನಿನ ಪಟ್ಟಿ. ಉಪ್ಪು, ಎಣ್ಣೆ, ಬೆಲ್ಲದವರೆಗೆ ಎಲ್ಲವನ್ನೂ ಹೆಸರು ಹಿಡಿದು ಹೇಳುತ್ತದೆ. ಸರ್ಕಾರದ ಕಾಗದದಲ್ಲಿ ಬಂಡಾಯ ಅಡಗಿತು ಎಂದಿದ್ದರೆ ಲಾವಣಿಯಲ್ಲಿ ನಮ್ಮ ಎಣ್ಣೆ ಹೋಯಿತು ಎಂದಿದೆ. ಇದು ಘೋಷಣೆಯೋ ಕಾವ್ಯವೋ? ಶಾಲು ಹೊದ್ದವರು ಹೇಳಲಿ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು: ಕೊನೆಯಲ್ಲಿ ಕುರ್ತಕೋಟಿಯ ಕಲ್ಮೇಶನ ಅಂಕಿತವಿದೆ. ಹಾಡಿದವನು ತನ್ನ ಊರು, ತನ್ನ ದೇವರು ಇಂಥದೆಂದು ಹೇಳಿ ಹೋಗಿದ್ದಾನೆ. 19 ಜನ ಗಲ್ಲಿಗೇರಿದ ಸುದ್ದಿಗೆ ಅಂಕಿತ ಹಾಕುವುದು ಹುಡುಗಾಟವಲ್ಲ. ಡಂಗುರಕ್ಕೆ ಅಂಕಿತ ಇರುವುದಿಲ್ಲ.

ಈ ಅಂಕಿತದ ಮಾತಿಗೆ ಜಮಖಂಡಿಯಿಂದಲೇ ಇನ್ನೊಂದು ಸಾಕ್ಷಿ ಇದೆ. ವಿಠ್ಠಲ ರಾಮಜಿ ಶಿಂದೆ 1873ರಲ್ಲಿ ಹುಟ್ಟಿದ್ದು ಜಮಖಂಡಿಯಲ್ಲಿ. ಮರಾಠಾ ಜಾತಿಯವರು, 1906ರಲ್ಲಿ ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ನಮ್ಮೂರ ಹುಡುಗರಿಗೆ ಇವರ ಹೆಸರು ಗೊತ್ತಿಲ್ಲ, ಗೊತ್ತುಮಾಡಿಕೊಡುವ ಪುಸ್ತಕವೂ ಇಲ್ಲಿ ಸಿಗುವುದಿಲ್ಲ. 1918ರ ಮಾರ್ಚಿನಲ್ಲಿ ಅವರು ಮುಂಬಯಿಯಲ್ಲಿ ಅಸ್ಪೃಶ್ಯತಾ ನಿವಾರಣೆಯ ಪರಿಷತ್ತು ನಡೆಸಿದರು, ಬಡೋದೆಯ ಸಯಾಜಿರಾವ್ ಗಾಯಕವಾಡರ ಅಧ್ಯಕ್ಷತೆ. ಟಿಳಕರು ಬಂದು, ಅಸ್ಪೃಶ್ಯತೆಯನ್ನು ದೇವರು ಒಪ್ಪಿದರೆ ಆ ದೇವರನ್ನೇ ತಾನು ಒಪ್ಪುವುದಿಲ್ಲ ಎಂಬರ್ಥದ ದೊಡ್ಡ ಮಾತು ಆಡಿದರು. ಮಂಟಪ ನಡುಗುವಂಥ ಘೋಷಣೆ. ಆಮೇಲೆ ಒಂದು ಜಾಹೀರನಾಮೆ ಮುಂದಿಟ್ಟರು: ನನ್ನ ದಿನನಿತ್ಯದ ಬದುಕಿನಲ್ಲಿ ನಾನು ಅಸ್ಪೃಶ್ಯತೆ ಪಾಲಿಸುವುದಿಲ್ಲ ಎಂದು ನಾಯಕರು ಸಹಿ ಹಾಕಬೇಕು. ಟಿಳಕರು ಸಹಿ ಹಾಕಲಿಲ್ಲ.

'ಜಾಹೀರು' ಅರಬ್ಬಿಯ ಪದ, ಎಲ್ಲರೆದುರು ತೋರುವುದು ಎಂದರ್ಥ. ಮರಾಠಿಯ ಹಾದಿಯಿಂದ ನಮ್ಮ ಕಡೆ ಬಂತು. ಮರಾಠಿಯಲ್ಲಿ ಜಾಹೀರನಾಮೆ ಇವತ್ತಿಗೂ ಗಂಭೀರ ಪದ. ಕನ್ನಡದಲ್ಲಿ ಜಾಹೀರಾತು ಸೋಪು, ಸೀರೆಗೆ ಹೋಯಿತು. ಅದರ ಜಾಗದಲ್ಲಿ 'ಪ್ರಣಾಳಿಕೆ' ಬಂದು ಕೂತಿತು. ಸಂಸ್ಕೃತದಲ್ಲಿ ಪ್ರಣಾಳಿಕೆ ಅಂದರೆ ನೀರು ಹರಿದುಹೋಗುವ ಕಾಲುವೆ. ಚುನಾವಣೆ ಕಂಡ ನಮಗೆ ಆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಬಾಬಾಸಾಹೇಬರು 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯುವುದಿಲ್ಲ ಎಂದರು. ಅದನ್ನು ಯೇವಲಾ ಘೋಷಣೆ ಎಂದೇ ಕರೆಯುತ್ತೇವೆ, ಅವರು 'ಕೂಗಿದರು' ಎಂದು ಯಾರೂ ಬರೆಯುವುದಿಲ್ಲ. 21 ವರ್ಷ ತಡೆದು, 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಅದಕ್ಕೆ ಸಹಿ ಹಾಕಿದರು. ಅಲ್ಲಿ ಕೊಟ್ಟ 22 ಪ್ರತಿಜ್ಞೆಗಳು 'ನಾನು' ಎಂದು ಹೇಳುವ ಮಾತುಗಳು. ಯಾರ ಅಪ್ಪಣೆಯೂ ಅದರಲ್ಲಿಲ್ಲ.

ಅಂಥ ಮಾತು ನಮ್ಮ ನಾಡಿನಲ್ಲಿ ಬಂದಾಗ ಏನಾಯಿತು ನೋಡಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಮಂತ್ರಿ ಆಡಿದ ಮಾತು, ಆದರೂ ಅದು 'ಅಭಿಪ್ರಾಯ' ಆಗಲಿಲ್ಲ, 'ಬೂಸಾ ಹೇಳಿಕೆ' ಆಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. (ನಮ್ಮ ಕಡೆ ಎಮ್ಮೆ ಹಾಲು ಹೆಚ್ಚು ಕೊಡಲಿ ಅಂತ ಬೂಸಾ ಹಾಕತಾರ. ಬೂಸಾ ಅನ್ನಿಸಿಕೊಂಡ ಸಾಹಿತ್ಯ ಅಷ್ಟು ಹಾಲನ್ನಾದರೂ ಯಾರಿಗೆ ಕೊಟ್ಟಿತು ಎಂದು ಯಾರೂ ಕೇಳಲಿಲ್ಲ.) ನಮ್ಮ ಜಾತ್ರೆಗಳಲ್ಲಿ 'ಹೇಳಿಕೆ' ಎಂಬುದಕ್ಕೆ ಇನ್ನೊಂದು ಅರ್ಥ ಇದೆ. ದೇವಿ ಮೈಮೇಲೆ ಬಂದವರು ಹೇಳುವ ಮಾತು ಹೇಳಿಕಿ. ಕೇರಿಯ ಮುದುಕಿಯ ಮೈಮೇಲೆ ದೇವಿ ಬಂದರೆ ಗೌಡನೂ ಕೈಮುಗಿದು ಹೇಳಿಕಿ ಕೇಳುತ್ತಾನೆ. ದೇವಿ ಇಳಿದ ಮೇಲೆ ಅದೇ ಮುದುಕಿ ಕೂಲಿ ಹೆಚ್ಚು ಕೊಡ್ರಿ ಎಂದರೆ 'ಬಾಯಿ ಮಾಡಬ್ಯಾಡ, ನಡಿ'. ನಮ್ಮ ಬಾಯಿಗೆ ಬೆಲೆ ಬರಬೇಕಾದರೆ ಅದರಲ್ಲಿ ಬೇರೆಯವರು ಮಾತಾಡುತ್ತಿರಬೇಕು: ಒಂದೋ ಗೌಡ, ಇಲ್ಲವೇ ದೇವಿ.

ನಮ್ಮದೇ ಒಂದು ಸಂಗತಿ. ಎರಡು ವರ್ಷದ ಹಿಂದೆ ನಮ್ಮ ಕೇರಿಯ ಹುಡುಗರು ಕೂಡಿ, ಇನ್ನು ಮುಂದೆ ಊರಲ್ಲಿ ಸತ್ತವರ ಮುಂದೆ ಪುಕ್ಕಟೆ ಹಲಗಿ ಬಾರಿಸುವುದಿಲ್ಲ ಎಂದು ತೀರ್ಮಾನಿಸಿದೆವು. ಪತ್ರಿಕೆಯೊಂದಕ್ಕೆ ಬರೆದುಕೊಟ್ಟವನು ನಾನೇ, ಪದವೀಧರ ಅಲ್ಲವೇ! 'ಈ ಮೂಲಕ ನಾವು ಘೋಷಿಸುತ್ತೇವೆ' ಎಂದು ಬರೆದೆ. ಮೇಲೆ, ಎಲ್ಲರೂ ಬರೆಯುವಂತೆ, 'ಪ್ರಕಟಣೆಯ ಕೃಪೆಗಾಗಿ' ಎಂದೂ ಬರೆದೆ. ದೇವರ ಕೃಪೆ ಬೇಡ ಎನ್ನುವ ನಾವು ಸಂಪಾದಕರ ಕೃಪೆ ಬೇಡುತ್ತೇವೆ. ಮೂರನೆಯ ದಿನ ಒಂದು ಮೂಲೆಯಲ್ಲಿ ಬಂತು: ಹಲಗಿ ಬಾರಿಸಲು ಸೂಕ್ತ ಸಂಭಾವನೆ ಇಲ್ಲವೆಂದು ದಲಿತ ಯುವಕರು ಅಳಲು ತೋಡಿಕೊಂಡಿದ್ದಾರೆ. ನಾವು ಇಲ್ಲ ಎಂದದ್ದು ಅಲ್ಲಿ ಕೊಡಿರಿ ಎಂದಾಗಿತ್ತು. ಒಂದು ಕ್ರಿಯಾಪದ ಬದಲಾಯಿತು, ಅಷ್ಟೇ.

ಇಷ್ಟೆಲ್ಲ ಹೇಳಿ ನಮ್ಮ ಪದ್ಯಗಳನ್ನು ಸುಮ್ಮನೆ ಬಿಟ್ಟರೆ ತಪ್ಪಾಗುತ್ತದೆ. ಗೋಷ್ಠಿಯ ಹಿರಿಯರು ಹೇಳಿದ ಕಾರಣ ಸುಳ್ಳು, ಆದರೆ ನಮ್ಮ ಬರವಣಿಗೆಯಲ್ಲಿ ರೋಗ ಇಲ್ಲ ಅಂತಲ್ಲ. ಬೆಂಕಿ, ರಕ್ತ, ಶತಶತಮಾನ, ಕ್ರಾಂತಿಸೂರ್ಯ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಯಾರೋ ಕಾಸಿ ಬಿಗಿ ಮಾಡಿದ ಹಲಗಿಯನ್ನು ನಾವು ಇಲ್ಲಿ ಬಾರಿಸುತ್ತೇವೆ. ನನ್ನದೊಂದು ಪದ್ಯದಲ್ಲಿ ಬೆಂಕಿ ಎಂಬ ಪದ ಹನ್ನೊಂದು ಸಾರಿ ಇದೆ. ಅವ್ವನಿಗೆ ಓದಿ ತೋರಿಸಿದೆ. "ಬೆಂಕಿ ಬೆಂಕಿ ಅಂತೀಯಲ್ಲೋ, ಕಟಿಗಿ ಯಾರು ತರತಾರು?" ಎಂದಳು. ನನಗೆ ಸಿಕ್ಕ ವಿಮರ್ಶೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ. ಯಾರದೋ ಅಪ್ಪಣೆಯನ್ನು ನಮ್ಮ ಗಂಟಲಿನಿಂದ ಸಾರುವ ಪದ್ಯ, ಆ ಅಪ್ಪಣೆ ಎಷ್ಟೇ ಕ್ರಾಂತಿಯದಾಗಿರಲಿ, ಡಂಗುರವೇ. ಘೋಷಣೆ ಆಗಬೇಕಾದರೆ ಮೊದಲು ಅದು ಆಡುವವನ ಮಾತಾಗಿರಬೇಕು.

ಮೆರವಣಿಗೆಯನ್ನೂ ನೋಡಿ. ಮೈಕು ಹಿಡಿದವನು ಅರ್ಧ ಘೋಷಣೆ ಹೇಳುತ್ತಾನೆ, ಹಿಂದಿನವರು ಉಳಿದರ್ಧ ಹೇಳುತ್ತಾರೆ. ಮೈಕು ಯಾವಾಗಲೂ ಗಂಡಸಿನ ಕೈಯಲ್ಲಿ. ಹೆಣ್ಣುಮಕ್ಕಳ ಪಾಲಿಗೆ ಬರುವುದು 'ಜಿಂದಾಬಾದ್' ಮಾತ್ರ. ದೈವದೊಳಗೆ ನಮ್ಮನ್ನು ಸೇರಿಸದವರನ್ನು ಬೈಯುತ್ತೇವೆ, ನಮ್ಮ ಪದ್ಯದ 'ನಾವು' ಎಂಬುದರೊಳಗೆ ಅವ್ವ ಇದ್ದಾಳೋ ಇಲ್ಲವೋ ನೋಡುವುದಿಲ್ಲ.

2018ರ ಅಂಬೇಡ್ಕರ್ ಜಯಂತಿಗೆ ನಮ್ಮ ಕಾರ್ಯಕ್ರಮವನ್ನು ಊರಿಗೆ ತಿಳಿಸಲು ಮುತ್ಯಾನನ್ನು ಕರೆದೆವು. ಹುರುಪಿನಿಂದ ಹಲಗಿ ಕಾಸಿದ, ಅಗಸಿವರೆಗೂ ಬಂದ. ಅಲ್ಲಿ ನಿಂತು ನನ್ನ ಕಡೆ ತಿರುಗಿ, "ಯಾರ ಅಪ್ಪಣಿ ಆಗೇತಿ ಅಂತ ಸಾರಲೋ?" ಎಂದ. ಯಾರ ಅಪ್ಪಣೆಯೂ ಅಲ್ಲ, ನಮ್ಮದೇ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ಹಂಗ ಸಾರಾಕ ನಂಗ ಬರೂದಿಲ್ಲ ಎಂದು ಹಲಗಿಯನ್ನು ನನ್ನ ಕೈಗೆ ಕೊಟ್ಟ.

ಮರುವರ್ಷ, 2019ರ ಆಗಸ್ಟ್, ಘಟಪ್ರಭೆ ಏರಿತು. ರಾತ್ರಿ ಹೊಳಿ ಕಡೆಯಿಂದ ನೀರು ಕೇರಿಗೆ ಬರತೊಡಗಿದ್ದನ್ನು ಮೊದಲು ನೋಡಿದವನು ಮುತ್ಯಾ. ತಂಪಿಗೆ ಹಲಗಿ ಸಡಲು ಬಿದ್ದಿತ್ತು, ನುಡಿಯಲಿಲ್ಲ. ಉಣ್ಣುವ ಹಿತ್ತಾಳಿ ತಾಟು ತಗೊಂಡು, ಕಟ್ಟಿಗೆ ತುಂಡಿನಿಂದ ಬಡಿಯುತ್ತ ನಮ್ಮ ಕೇರಿ, ಆಮೇಲೆ ಮೇಲಿನ ಓಣಿಯನ್ನೂ ತಿರುಗಿದ. ಕಾಲಲ್ಲಿ ಚಪ್ಪಲಿ ಇತ್ತು, ತೆಗೆಯುವ ನೆನಪೇ ಆಗಿರಲಿಲ್ಲ. "ನೀರು ಬಂತ್ರೋ, ಏಳ್ರೋ, ದನಾ ಬಿಚ್ಚರೋ." ಇಷ್ಟೇ. ದೈವ ಕೇಳ್ರಿ ಅನ್ನಲಿಲ್ಲ, ಅಪ್ಪಣಿ ಅನ್ನಲಿಲ್ಲ. ಇಡೀ ಊರು ಎದ್ದು ಎತ್ತರಕ್ಕೆ ಹೋಯಿತು.

ಗಂಜಿ ಕೇಂದ್ರದಲ್ಲಿ ಮಧ್ಯಾಹ್ನ ಊಟಕ್ಕೆ ಎರಡು ಸಾಲು ಇದ್ದವು, ಯಾಕೆಂದು ಕೇಳಬೇಕಾಗಿರಲಿಲ್ಲ. ಮುತ್ಯಾ ನಮ್ಮ ಸಾಲಿನಲ್ಲಿ ಅದೇ ತಾಟು ಹಿಡಿದು ನಿಂತಿದ್ದ. ಬಡಿದು ಬಡಿದು ಅದರ ಅಂಚು ನೆಗ್ಗಿತ್ತು. "ಅಪ್ಪಣಿ ಇಲ್ಲದ ಸಾರಾಕ ಬರೂದಿಲ್ಲ ಅಂತಿದ್ದೆಲ್ಲ ಮುತ್ಯಾ, ರಾತ್ರಿ ಹೆಂಗ ಸಾರಿದಿ?" ಎಂದು ಕೇಳಿದೆ.

"ಸಾರಲಿಲ್ಲೋ ತಮ್ಮಾ," ಎಂದ. "ಹೇಳಿದೆ."